ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



‘ಅನುಭವ ಮತ್ತು ಸತ್ಯ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು, ನಾನು ಚಿಕ್ಕವನು. ಆದ್ದರಿಂದ ನನ್ನ ತರಗತಿಯಿಂದಲೇ ಆರಂಭಿಸುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ತಮಗೆಲ್ಲ ಗೊತ್ತು. ಜಲಾಶಯದ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ನೀರು ಬಿಟ್ಟರು. ಸುಮಾರು ಒಂದು ವಾರದ ನಂತರ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಆ ತಿಂಗಳು ನಾನು ಮಕ್ಕಳಿಗೆ ‘ನಮ್ಮ ಹೊಳೆ’ ಎಂಬ ಪ್ರಬಂಧ ಕೊಟ್ಟೆ. ಹಾಸ್ಟೆಲಿನಲ್ಲಿದ್ದು ಓದುವ ಸಿರುಗುಪ್ಪದ ಕಡೆಯ ಹುಡುಗ, ಅಜ್ಜಿ ಆ ರಾತ್ರಿ ನಿದ್ದೆ ಮಾಡಲಿಲ್ಲ, ಹೊಳೆ ಎಂದರೆ ಭಯ ಎಂದು ಬರೆದ. ಕುರುಗೋಡಿನ ಹುಡುಗ, ಅಪ್ಪ ಕಾಲುವೆಯನ್ನು ನಂಬಿ ಮೆಣಸಿನಕಾಯಿ ಹಾಕುತ್ತಾರೆ, ಹರಿದು ಹೋದದ್ದು ನಮ್ಮ ನೀರು ಎಂದು ಬರೆದ. ಬಳ್ಳಾರಿಯ ಹುಡುಗನೊಬ್ಬ ಎರಡು ಪುಟ ನಲ್ಲಿಯ ಬಗ್ಗೆ, ಕೊಡಗಳ ಸಾಲಿನ ಬಗ್ಗೆ ಬರೆದಿದ್ದ. ‘ವಿಷಯ ಬಿಟ್ಟು ಬರೆದಿದ್ದೀಯ’ ಎಂದು ಕೆಂಪು ಶಾಯಿಯಲ್ಲಿ ಗೀಚಿ, ಹತ್ತಕ್ಕೆ ಮೂರು ಅಂಕ ಕೊಟ್ಟೆ.

ತಪ್ಪು ನನ್ನದು. ತುಂಗಭದ್ರೆಯ ನೀರೇ ಕಾಲುವೆಯಲ್ಲಿ ಅಲ್ಲೀಪುರದ ಕೆರೆಗೆ ಬಂದು, ಅಲ್ಲಿಂದ ಆ ಹುಡುಗನ ನಲ್ಲಿಗೆ ಬರುತ್ತದೆ. ನಾನು ಹೊಳೆ ದಂಡೆಯಲ್ಲಿ ಬೆಳೆದವನು. ದಂಡೆ, ಮರಳು, ದೋಣಿ ಇಲ್ಲದ್ದು ನನಗೆ ಹೊಳೆಯಾಗಿ ಕಾಣಲಿಲ್ಲ. ಅಂಕ ತಿದ್ದಿದೆ ಅನ್ನಿ, ಆದರೆ ಹುಡುಗ ಮರೆತಿಲ್ಲ.

ಉರ್ದುವಿನಲ್ಲಿ ‘ತಜರ್ಬಾ’ ಎಂದರೆ ಅನುಭವ. ಪ್ರಯೋಗಶಾಲೆಯಲ್ಲಿ ಮಾಡುವ ಪ್ರಯೋಗವೂ ತಜರ್ಬಾನೇ. ಕನ್ನಡದಲ್ಲಿ ಇವು ಬೇರೆ ಬೇರೆ ಪದಗಳು. ಎರಡೂ ಭಾಷೆ ಕಲಿಸುವ ನನಗೆ ಉರ್ದುವಿನ ಈ ಪದ ಇಷ್ಟ. ಅನುಭವವಾದರೆ ಸಾಲದು, ಅದನ್ನು ಪರೀಕ್ಷೆಗೂ ಒಡ್ಡಬೇಕು ಎಂಬ ಅರ್ಥ ಅದರೊಳಗೇ ಇದೆ. ಬಾಗ್ದಾದಿನ ನಿಜಾಮಿಯಾ ಮದರಸಾದಲ್ಲಿ ಪಾಠ ಹೇಳುತ್ತಿದ್ದ ಇಮಾಮ್ ಗಜಾಲಿಯವರು 1095ರಲ್ಲಿ ಆ ದೊಡ್ಡ ಹುದ್ದೆಯನ್ನೇ ಬಿಟ್ಟು ಹೊರಟರು. ತಮ್ಮ ಆತ್ಮಕಥನದಂಥ ‘ಅಲ್ ಮುನ್‌ಕಿಜ್’ ಗ್ರಂಥದಲ್ಲಿ ಅವರು ಕಣ್ಣನ್ನೇ ಅನುಮಾನಿಸುತ್ತಾರೆ. ನೆರಳು ನಿಂತಂತೆ ಕಾಣುತ್ತದೆ, ಗಳಿಗೆ ಬಿಟ್ಟು ನೋಡಿದರೆ ಸರಿದಿರುತ್ತದೆ. ನಕ್ಷತ್ರ ನಾಣ್ಯದಷ್ಟು ಕಾಣುತ್ತದೆ, ಗಣಿತ ಅದನ್ನು ಭೂಮಿಗಿಂತ ದೊಡ್ಡದು ಎನ್ನುತ್ತದೆ. ಆದರೂ ಅವರು ಅನುಭವವನ್ನು ತಳ್ಳಿಹಾಕಲಿಲ್ಲ. ಆರೋಗ್ಯದ ಲಕ್ಷಣವನ್ನು ತಿಳಿಯುವುದೇ ಬೇರೆ, ಆರೋಗ್ಯವಾಗಿರುವುದೇ ಬೇರೆ ಎಂದವರೂ ಅವರೇ.

ಇನ್ನು ನಮ್ಮ ಸಂಘದ ಕೆಲಸಕ್ಕೆ ಬರುತ್ತೇನೆ. ಮುಸ್ಲಿಂ ಮಕ್ಕಳು ಹೆಚ್ಚಾಗಿ ಮದರಸಾಕ್ಕೇ ಹೋಗುತ್ತಾರೆ ಎಂದು ಓದಿದವರೂ ನಂಬಿದ್ದರು. ಟೋಪಿ ಹಾಕಿಕೊಂಡು ಸಾಲಾಗಿ ಹೋಗುವ ಮಕ್ಕಳು ಕಣ್ಣಿಗೆ ಬೀಳುತ್ತಾರಲ್ಲ! 2006ರ ಸಾಚಾರ್ ಸಮಿತಿ ಲೆಕ್ಕ ಹಾಕಿದಾಗ, ಶಾಲಾ ವಯಸ್ಸಿನವರಲ್ಲಿ ಮದರಸಾಕ್ಕೆ ಹೋಗುವವರು ಸುಮಾರು ಶೇ. 3ರಷ್ಟು ಮಾತ್ರ ಎಂದು ತಿಳಿಯಿತು.

ಈ ಅಂಕಿ ಅಂಶಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಒಮ್ಮೆ ಬಳ್ಳಾರಿಯಲ್ಲಿ ಒಂದು ಮನೆಗೆ ಹೋದೆ. ಹುಡುಗಿ ಎಸ್ಸೆಸ್ಸೆಲ್ಸಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು, ಅಪ್ಪ ಮುಂದೆ ಓದಿಸುವುದಿಲ್ಲ ಎಂದಿದ್ದರು. ಅವರು ಜೀನ್ಸ್ ಹೊಲಿಯುವವರು. ಅವರಿಗೆ ಓದಿನ ಬೆಲೆ ತಿಳಿಯದು ಎಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅವರು ಪಕ್ಕದ ಮಿಷನ್ ಮೇಲೆ ಕೂತಿದ್ದ ಯುವಕನನ್ನು ತೋರಿಸಿದರು. “ಮಾಸ್ಟರ್ ಸಾಬ್, ಇವನು ನನ್ನ ದೊಡ್ಡ ಮಗ. ಬಿ.ಎ. ಮಾಡಿದ್ದಾನೆ. ಪ್ಯಾಂಟಿಗೆ ನನಗೂ ಅವನಿಗೂ ಒಂದೇ ರೇಟು.”

ನಾನು ಸಾಚಾರ್ ವರದಿ ತೆಗೆದೆ. “ಆ ಲೆಕ್ಕದಲ್ಲಿ ನನ್ನ ಮಗ ಇದ್ದಾನಾ?” ಎಂದರು. ಇದ್ದಾನೆ. ಪದವೀಧರ ಮುಸ್ಲಿಮರಲ್ಲಿ ನಿರುದ್ಯೋಗ ಹೆಚ್ಚು ಎಂದು ಅದೇ ವರದಿ ಹೇಳುತ್ತದೆ. ಆ ಪುಟವನ್ನು ನಾನು ಅಲ್ಲಿ ಹೇಳಲು ಸಿದ್ಧನಾಗಿ ಹೋಗಿರಲಿಲ್ಲ. ಹಾಗಾಗಿ ಸುಮ್ಮನೆ ಕೂತೆ.

ಮಾತಾಡಿದ್ದು ಆ ಮಗ. ಮಿಷನ್ ನಿಲ್ಲಿಸಿ, “ಅಬ್ಬಾ, ಹೋದ ತಿಂಗಳು ಪೀಸಿನ ಲೆಕ್ಕದಲ್ಲಿ ಕಡಿಮೆ ಕೊಟ್ಟಿದ್ದನ್ನು ಹಿಡಿದವರು ಯಾರು? ಅಮ್ಮಿಯ ಆಸ್ಪತ್ರೆ ಕಾಗದ ಓದಿದವರು ಯಾರು?” ಎಂದ. ಅಪ್ಪ ಅವನ ಕಡೆ ನೋಡಲಿಲ್ಲ. ದಾರ ಕಡಿದು ಮತ್ತೆ ಪೋಣಿಸಿದರು. ಆಮೇಲೆ ನನಗೆ, “ಫಾರಂ ಇಟ್ಟು ಹೋಗಿ” ಎಂದರು.

ಮೂರನೇ ದಿನ ಸಹಿಯಾಯಿತು. ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಅಣ್ಣ ಇನ್ನೂ ಜೀನ್ಸ್ ಹೊಲಿಯುತ್ತಿದ್ದಾನೆ. ಅವನಿಗಾಗಿ ನಮ್ಮ ಸಂಘ ಏನು ಮಾಡಬಹುದು ಎಂದು ವೇದಿಕೆಯ ಮೇಲಿರುವ ಹಿರಿಯರನ್ನು ಕೇಳಬೇಕೆಂದೇ ಇಂದು ಇದನ್ನು ಹೇಳಿದೆ.