‘ಮಿಸ್ಟ್ ಓವರ್’ ಎಂಬ ನುಡಿಗಟ್ಟು



ಇಂಗ್ಲಿಷಿನಲ್ಲಿ ‘ಮಿಸ್ಟ್ ಓವರ್’ ಎಂದೊಂದು ಕೂಡುಕ್ರಿಯಾಪದವುಂಟು. ‘ಮಿಸ್ಟ್’ ಎಂದರೆ ಮಂಜು, ‘ಓವರ್’ ಎಂದರೆ ಮೇಲೆ. ಆದರೆ ಎರಡೂ ಕೂಡಿದಾಗ ‘ಮಂಜು ಕವಿಯಿತು’ ಎಂಬ ಅರ್ಥ ಬರುತ್ತದೆ. ನಮ್ಮಲ್ಲಿ ‘ಕವಿ’, ‘ಮುಸುಕು’ ಎಂಬ ಧಾತುಗಳು ಮಾಡುವ ಕೆಲಸವನ್ನು ಅಲ್ಲಿ ‘ಓವರ್’ ಮಾಡುತ್ತದೆ.

ಮಾಗಿಯ ಬೆಳಗಿನಲ್ಲಿ ಮಧುಗಿರಿಯ ಏಕಶಿಲಾಬೆಟ್ಟವನ್ನೋ ಕೊರಟಗೆರೆಯ ಸಿದ್ಧರಬೆಟ್ಟವನ್ನೋ ಏರುವವರ ಕನ್ನಡಕದ ತಣ್ಣನೆಯ ಗಾಜಿಗೆ ಬಿಸಿಯುಸಿರಿನ ಆವಿ ತಗುಲಿ ಹನಿಗಟ್ಟುತ್ತದೆ. ಆಗ ‘ಮೈ ಗ್ಲಾಸಸ್ ಮಿಸ್ಟೆಡ್ ಓವರ್’ ಎನ್ನಬಹುದು. ಬೆಟ್ಟವನ್ನೇ ಮಂಜು ಮುಸುಕಿದರೂ ಈ ಮಾತು ಸಲ್ಲುತ್ತದೆ.

ಕಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಹರ್ ಐಸ್ ಮಿಸ್ಟೆಡ್ ಓವರ್’ ಎಂದರೆ ಆಕೆಯ ಕಣ್ಣು ನೀರುಗೂಡಿತೆಂದು ಅರ್ಥ. ಶಿರಾದ ಕಡೆಯ ಹಿರಿಯರೊಬ್ಬರು ಪಾವಗಡದ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಗೆ ಹೋಗಿ ‘ಕಣ್ಣು ಮಂಜಾಗಿದೆ’ ಎಂದರೆ, ಕನ್ನಡ ಬಲ್ಲ ವೈದ್ಯರಿಗೆ ಪೊರೆಯ ಶಂಕೆ ಹುಟ್ಟುತ್ತದೆ. ಅದನ್ನೇ ಮೊಮ್ಮಗನು ಕನ್ನಡವರಿಯದ ವೈದ್ಯರೊಬ್ಬರಿಗೆ ‘ಮಿಸ್ಟೆಡ್ ಓವರ್’ ಎಂದು ಬರೆದರೆ, ಅಜ್ಜನು ಕಣ್ಣೀರು ತಂದುಕೊಂಡನೆಂದು ಅವರು ತಿಳಿದಾರು. ಮಾತು ತಪ್ಪಿದರೆ ಮದ್ದೂ ತಪ್ಪೀತು. ಅಲ್ಲಿ ‘ಬ್ಲರ್ಡ್ ವಿಷನ್’, ಎಂದರೆ ವಸ್ತುಗಳ ಅಂಚು ಸ್ಪಷ್ಟವಾಗಿ ಕಾಣದ ನೋಟ, ಎಂಬುದೇ ತಕ್ಕ ಮಾತು. ಮಸಿ ಹರಡಿ ಅಕ್ಷರ ಕಲಸಿಹೋದಾಗಲೂ ‘ಬ್ಲರ್’ ಎಂಬುದೇ ಸರಿ.

ಆದುದರಿಂದ ‘ಮಿಸ್ಟ್ ಓವರ್’ ಎನ್ನುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಕವಿದಿರುವುದು ಮಂಜೋ, ಆವಿಯೋ, ಕಣ್ಣೀರೋ? ಇವುಗಳಲ್ಲಿ ಒಂದಾದರೆ ಧೈರ್ಯವಾಗಿ ಬಳಸಬಹುದು. ಅಲ್ಲವಾದರೆ ಬೇರೆ ಮಾತನ್ನು ಅರಸಬೇಕು.