ಲಗಾಮು ಬಸ್ಸಿನ ಕಂಬಿಯಲ್ಲ

ದೊಮ್ಮಲೂರಿನ ಬಸ್ಸಿನಲ್ಲಿ ನಿಂತು ಹೋದವರಿಗೆ ಇದು ಗೊತ್ತು. ಡ್ರೈವರ್ ಬ್ರೇಕ್ ಹಾಕಿದರೆ ಸಾಕು, ಕೈ ತಾನಾಗಿ ಮೇಲಿನ ಕಂಬಿಯನ್ನು ಬಿಗಿಹಿಡಿಯುತ್ತದೆ. ಹೊಸದಾಗಿ ಕುದುರೆ ಹತ್ತಿದವರು ಮಾಡುವುದೂ ಅದನ್ನೇ. ಅವರ ಪಾಲಿಗೆ ಲಗಾಮೇ ಕಂಬಿ. ಆದರೆ ಅದರ ಇನ್ನೊಂದು ತುದಿಯ ಕಬ್ಬಿಣ ಕೂತಿರುವುದು ಕುದುರೆಯ ಬಾಯಲ್ಲಿ, ಹಲ್ಲಿಲ್ಲದ ವಸಡಿನ ಮೇಲೆ.

ದೊಮ್ಮಲೂರಿನ ನೆರೆಯ ಅಗರಂನಲ್ಲಿ ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರವಿದೆ. ಸೇನೆಗೆ ದವಸಧಾನ್ಯ ಮುಟ್ಟಿಸುವ, ಬೆಟ್ಟದ ಠಾಣೆಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸುವ ವಿಭಾಗ ಅದು. ಕುದುರೆ ಸವಾರಿಯೂ ಅವರ ಹಳೆಯ ವಿದ್ಯೆ. ಸವಾರಿ ಕಲಿಯುವವರು ಮೊದಲ ತಿಂಗಳಲ್ಲೇ ಕೇಳುವ ಒಂದು ಪದ ಡ್ರೆಸ್ಸೇಜ್. ಉಡುಪಿಗೂ ಅದಕ್ಕೂ ಸಂಬಂಧವಿಲ್ಲ. ಫ್ರೆಂಚಿನಲ್ಲಿ ಅದರ ಅರ್ಥ ಪಳಗಿಸುವುದು, ಅಷ್ಟೇ. ಟಿವಿಯಲ್ಲಿ ಕುದುರೆ ಕುಣಿದಂತೆ ಕಾಣುತ್ತದಲ್ಲ, ಅದು ಈ ವಿದ್ಯೆಯ ಮಹಾಕಾವ್ಯ. ನಾನು ಹೇಳುತ್ತಿರುವುದು ಕಾಗುಣಿತದ ಮಾತು.

ಸುಮ್ಮನೆ ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇಕಡಾ 60 ಮುಂಗಾಲುಗಳ ಮೇಲೆ ಬೀಳುತ್ತದೆ. ಅದರ ಮೇಲೆ ನಾವು ಹತ್ತಿ ಕೂರುತ್ತೇವೆ. ಬೆನ್ನು ಇರುವುದು ನಮ್ಮನ್ನು ಹೊರುವುದಕ್ಕಲ್ಲ, ಹೊರುವುದನ್ನು ಅದು ಕಲಿಯಬೇಕು. 20 ಮೀಟರ್ ಅಗಲದ ವೃತ್ತದಲ್ಲಿ ಒಂದೇ ಲಯದಲ್ಲಿ ಕುಕ್ಕುಲೋಟ. ನಿಲ್ಲು, ನಡೆ, ಮತ್ತೆ ಓಡು. ನೋಡುವವರಿಗೆ ಬೇಸರ, ನಿಜ. ಆದರೆ ವೃತ್ತದಲ್ಲಿ ಕುದುರೆಯ ಮೈ ಎರಡೂ ಕಡೆಗೆ ಸಮನಾಗಿ ಬಾಗಲು ಕಲಿಯುತ್ತದೆ, ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರಕ್ಕೆ ಹೆಗಲು ಕೊಡುತ್ತದೆ. ನಮಗೆ ಎಡಗೈ ಬಲಗೈ ಇರುವಂತೆ ಕುದುರೆಗೂ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ.

ಸವಾರನ ಪಾಠ ಇನ್ನೂ ಕಠಿಣ. ಗುರುಗಳು ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುತ್ತಾರೆ. ಮೇಲೆ ಕೂತವನಿಗೆ ಲಗಾಮಿಲ್ಲ, ಕಾಲಿಗೆ ರಿಕಾಪಿಲ್ಲ. ಹಿಡಿಯಲು ಏನೂ ಇಲ್ಲದಾಗಲೇ ಸೊಂಟ ಕುದುರೆಯ ಲಯಕ್ಕೆ ಒಗ್ಗುವುದು. ಆಮೇಲೆ ಕೈಗೆ ಬರುವ ಲಗಾಮು ಆಸರೆಯಲ್ಲ, ಮಾತು. ಕುದುರೆ ಕಲಿಯುವುದೂ ಎಳೆತದಿಂದಲ್ಲ. ಒಪ್ಪಿ ನಡೆದ ಕ್ಷಣವೇ ಕೈ ಸಡಿಲವಾಯಿತಲ್ಲ, ಅದರಿಂದ.

ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಈವೆಂಟಿಂಗ್‌ನಲ್ಲಿ. ಬೇಲಿ, ಹಳ್ಳ, ನೀರು ಹಾರುವ ಸ್ಪರ್ಧೆ ಅದು. ಆದರೂ ಮೊದಲ ಪರೀಕ್ಷೆ ಡ್ರೆಸ್ಸೇಜ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ಪರೀಕ್ಷೆ ಮುಗಿದಾಗ ಅವರು 28 ದಂಡಾಂಕಗಳೊಂದಿಗೆ ಒಂಬತ್ತನೆಯವರು. ಕೊನೆಗೆ 23ನೇ ಸ್ಥಾನ ಬಂತು. ನಾಗಾಲೋಟಕ್ಕೆ ತುಡಿಯುವ ಪ್ರಾಣಿ ಮೊದಲು ತಣ್ಣಗೆ ಅಕ್ಷರ ಬರೆದು ತೋರಿಸಬೇಕಲ್ಲ, ಕಷ್ಟ ಇರುವುದು ಅಲ್ಲೇ.

ಪಾಠ ಮುಗಿಯುವ ಹೊತ್ತಿಗೆ ಲಗಾಮನ್ನು ಪೂರ್ತಿ ಸಡಿಲ ಬಿಡುತ್ತಾರೆ. ಬೆನ್ನು ಹಗುರಾದ ಕುದುರೆ ಕತ್ತನ್ನು ನೆಲದತ್ತ ಚಾಚಿ, ಮೂಗಿನಿಂದ ಒಮ್ಮೆ ಉದ್ದಕ್ಕೆ ಬುರ್ರ್ ಎನ್ನುತ್ತದೆ. ಗುರುಗಳು ಅಷ್ಟು ಹೊತ್ತು ಕಿವಿಗೊಟ್ಟು ಕಾಯುವುದು ಆ ಸದ್ದಿಗಾಗಿ.