ಅಡಿಟಿಪ್ಪಣಿಯ ಲೆಕ್ಕ

ಪಂಡಿತ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಮ್ಮ ಗುರುಗಳಿಗೆ ಒಂದು ಅಭ್ಯಾಸವಿತ್ತು. ವಿದ್ಯಾರ್ಥಿಯು ಏನೇ ಹೇಳಲಿ, "ಎಲ್ಲಿದೆಯಪ್ಪ ಅದು?" ಎಂದು ಕೇಳುವರು. ಪಂಪನಲ್ಲಿದೆ ಎಂದರೆ ಸಾಲದು. ಯಾವ ಕಾವ್ಯ, ಎಷ್ಟನೆಯ ಆಶ್ವಾಸ, ಎಷ್ಟನೆಯ ಪದ್ಯ ಎಂಬುದನ್ನೂ ಒಪ್ಪಿಸಬೇಕು. ಒಪ್ಪಿಸಲಾರದವನು ನಿಂತೇ ಇರಬೇಕು. ನಾನು ಬಹಳ ದಿನ ನಿಂತಿದ್ದೇನೆ. ಈ "ಎಲ್ಲಿದೆ"ಯ ಉತ್ತರವನ್ನೇ ವಿದ್ವತ್ಪ್ರಪಂಚ ಉಲ್ಲೇಖ ಎನ್ನುತ್ತದೆ. ಪುಟದ ಅಡಿಯಲ್ಲಿಯೋ ಲೇಖನದ ಕೊನೆಯಲ್ಲಿಯೋ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಆ ಸಾಲುಗಳನ್ನು ಎಣಿಸಿ, ಕೂಡಿ, ಭಾಗಿಸಿ, ಪತ್ರಿಕೆಗಳ ತೂಕವನ್ನೂ ಅಧ್ಯಾಪಕರ ಬಡ್ತಿಯನ್ನೂ ನಿರ್ಣಯಿಸುವ ಕಾಲ ಇದು. ಶಿಕ್ಷಣ ಸಂಶೋಧನೆಯ ಪತ್ರಿಕೆಗಳಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ನಮ್ಮ ಕೋಲಾರ ಸೀಮೆಯ ಪಾಠಶಾಲೆಗೆ ಎಷ್ಟು ಜಾಗವಿದೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಉಲ್ಲೇಖವೆಂದರೆ ಬರಿಯ ವಿದ್ವಾಂಸರ ಶಿಷ್ಟಾಚಾರವೆಂದು ಭಾವಿಸಬೇಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗಿಂತ ಹಿಂದಿನ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹೆಸರುಗಳನ್ನು ಹೇಳುತ್ತದೆ. ಇವರು ಕನ್ನಡದಲ್ಲಿ ಬರೆದ ಒಂದು ಓಲೆಯೂ ನಮಗೆ ಸಿಕ್ಕಿಲ್ಲ. ಗ್ರಂಥಗಳು ಹೋದವು, ಉಲ್ಲೇಖ ಉಳಿಯಿತು. ಆ ಒಂದು ಎಳೆಯಿಂದಲೇ ಅವರು ಇದ್ದರೆಂದು ನಾವು ಬಲ್ಲೆವು. ಇವರಲ್ಲಿ ದುರ್ವಿನೀತನನ್ನು ಗಂಗರ ಅರಸನೆಂದೇ ಬಹುಮಂದಿ ವಿದ್ವಾಂಸರು ಗುರುತಿಸುತ್ತಾರೆ. ಗಂಗರ ಮೊದಲ ರಾಜಧಾನಿ ಕುವಲಾಲಪುರ, ಎಂದರೆ ನಮ್ಮ ಕೋಲಾರ. ಬಸ್ ನಿಲ್ದಾಣದಲ್ಲಿ ನಿಂತು ಇದನ್ನು ನೆನೆದರೆ ನನಗೆ ಈಗಲೂ ಒಂದು ಬಗೆಯ ಹಿಗ್ಗು.

ಇನ್ನೊಂದು ಉದಾಹರಣೆ. 1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಹೊರತಂದರು. ಒಂದೊಂದು ತಾಲ್ಲೂಕಿಗೂ ಬೇರೆ ಬೇರೆ ಅಂಕಗಳನ್ನು ಕೊಟ್ಟರು. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ದೊರೆತ ಗಂಗರ ತಾಮ್ರಪಟಗಳು ಅದರಲ್ಲಿ ಮಾಲೂರು 72, 73. ಅಂದಿನಿಂದ ಇಂದಿನವರೆಗೆ, ಗಂಗರ ಚರಿತ್ರೆ ಬರೆಯುವವನು ಲಂಡನ್ನಿನಲ್ಲಿರಲಿ ಧಾರವಾಡದಲ್ಲಿರಲಿ, ಅಡಿಟಿಪ್ಪಣಿಯಲ್ಲಿ ಮಾಲೂರಿನ ಹೆಸರು ಬರೆಯದೆ ಮುಂದಕ್ಕೆ ಹೋಗಲಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಿಗೂ ಇದೇ ಮರ್ಯಾದೆ ಸಂದಿದೆ. ನಮ್ಮ ಕಲ್ಲುಗಳಿಗೆ ಉಲ್ಲೇಖವುಂಟು. ನಮ್ಮ ಕರಿಹಲಗೆಗಳಿಗೆ?

ಉಲ್ಲೇಖಗಳನ್ನು ಎಣಿಸುವ ಉದ್ಯೋಗ ವಕೀಲರಿಂದ ಬಂದದ್ದು. 1873ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಎತ್ತಿಹೇಳಿತು ಎಂಬ ಪಟ್ಟಿಯನ್ನು ವಕೀಲರಿಗಾಗಿ ತೊಡಗಿದ. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಅದೇ ಉಪಾಯವನ್ನು ವಿಜ್ಞಾನದ ಲೇಖನಗಳಿಗೆ ಹೂಡಬೇಕೆಂದು ಸೂಚಿಸಿ, 1960ರ ದಶಕದಲ್ಲಿ ಮಾಡಿಯೂ ತೋರಿಸಿದರು. ಆದರೆ ಗ್ರಂಥಾಲಯದ ಕೆಲಸಕ್ಕೆ ಗಣಿತವನ್ನು ಅನ್ವಯಿಸಬೇಕೆಂದು 1948ರಲ್ಲಿಯೇ ಇಂಗ್ಲೆಂಡಿನ ಸಭೆಯೊಂದರಲ್ಲಿ ಹೇಳಿ, ಆ ಶಾಸ್ತ್ರಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟವರು ನಮ್ಮ ಎಸ್. ಆರ್. ರಂಗನಾಥನ್. ಬೆಂಗಳೂರಿನಲ್ಲಿ 1962ರಲ್ಲಿ ದಾಖಲೆ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಕಟ್ಟಿದವರೂ ಅವರೇ. ಇದನ್ನು ಹೇಳದೆ ಬಿಟ್ಟರೆ ನಾನೇ ಉಲ್ಲೇಖಚೋರನಾದೇನು.

ಪತ್ರಿಕೆಯ ತೂಕ ನೋಡುವ ಕ್ರಮ ಸರಳವಾದದ್ದು. ಒಂದು ಪತ್ರಿಕೆ ಎರಡು ವರ್ಷಗಳಲ್ಲಿ 40 ಲೇಖನ ಅಚ್ಚುಮಾಡಿತೆನ್ನಿ. ಅದರ ಮುಂದಿನ ವರ್ಷ ಬೇರೆಯವರು ಆ ಲೇಖನಗಳನ್ನು 60 ಸಲ ಎತ್ತಿಹೇಳಿದರು. 60ನ್ನು 40ರಿಂದ ಭಾಗಿಸಿದರೆ ಒಂದೂವರೆ. ಇದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಹೆಸರು. ಲೆಕ್ಕ ಸರಿಯೇ. ಆದರೆ ಸರಾಸರಿಯೊಳಗೆ ಒಂದು ಮೋಸವಿದೆ. 60ರಲ್ಲಿ 50 ಒಂದೇ ಲೇಖನದ ಪಾಲಾಗಿರಬಹುದು. ಮಿಕ್ಕವು ಒಂದಕ್ಕೊಂದು ಮುಖ ನೋಡಿಕೊಂಡು ಕುಳಿತಿರಬಹುದು. 1965ರಲ್ಲಿ ಡೆರೆಕ್ ಪ್ರೈಸ್ ಎಂಬ ವಿದ್ವಾಂಸರು ವಿಜ್ಞಾನದ ಲೇಖನಗಳನ್ನು ಪರಿಶೀಲಿಸಿ, ಯಾವುದೇ ಒಂದು ವರ್ಷದಲ್ಲಿ 100ಕ್ಕೆ ಸುಮಾರು 35 ಲೇಖನಗಳನ್ನು ಯಾರೂ ಎತ್ತಿಹೇಳುವುದಿಲ್ಲವೆಂದು ಲೆಕ್ಕ ಕೊಟ್ಟರು. ಇದ್ದವನಿಗೇ ಇನ್ನಷ್ಟು ಸೇರುವುದು ಸಂತೆಯಲ್ಲಿ ಮಾತ್ರವಲ್ಲ, ಅಡಿಟಿಪ್ಪಣಿಯಲ್ಲಿಯೂ ಉಂಟು. ಶಿಕ್ಷಣಶಾಸ್ತ್ರಕ್ಕೆ ಇನ್ನೊಂದು ತೊಡಕು. ಇಲ್ಲಿ ವಿದ್ವಾಂಸರು ಪತ್ರಿಕೆಯಷ್ಟೇ ಪುಸ್ತಕವನ್ನೂ ಸಮಿತಿಯ ವರದಿಯನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. ಶಾಲೆಯಲ್ಲಿ ಒಂದು ವಿಧಾನ ಫಲಿಸಿತೇ ಎಂದು ತಿಳಿಯಲು ಐದಾರು ವರ್ಷ ಬೇಕು. ಎರಡು ವರ್ಷದ ತಕ್ಕಡಿಗೆ ಅದು ಸಿಕ್ಕುವುದೆಂತು?

ನಮ್ಮ ದೇಶದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 1961ರಲ್ಲಿ ಹುಟ್ಟಿತು. ಅದರ ಇಂಡಿಯನ್ ಎಜುಕೇಷನಲ್ ರಿವ್ಯೂ 1966ರಲ್ಲಿ ಹೊರಟಿತು. ಬರೋಡದ ಎಂ. ಬಿ. ಬುಚ್ ಅವರು ಅಲ್ಲಿಯವರೆಗಿನ ಶಿಕ್ಷಣ ಸಂಶೋಧನೆಗಳನ್ನೆಲ್ಲ ಸೇರಿಸಿ 1974ರಲ್ಲಿ ಮೊದಲ ಸಮೀಕ್ಷೆಯನ್ನು ಹೊರತಂದರು. ಬಹುಕಾಲ ಸಂಶೋಧಕರಿಗೆ ಅದೇ ಪಂಚಾಂಗ. ಆಗ ಲೇಖನಗಳು ಕಡಮೆ. ಆ ಮೇಲೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಡಾಕ್ಟರೇಟ್ ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಅಚ್ಚಾಗಿರಬೇಕೆಂದು 2009ರಲ್ಲಿ ವಿಧಿಸಿತು. 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕದ ಪದ್ಧತಿ ತಂದಿತು. ಮಳೆ ಬಿದ್ದ ಮೇಲೆ ಅಣಬೆ ಏಳಬೇಕಷ್ಟೆ. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಎದ್ದವು. ಅವನ್ನು ಜರಡಿ ಹಿಡಿಯಲು 2018ರಲ್ಲಿ ಕೇರ್ ಎಂಬ ಒಪ್ಪಿತ ಪಟ್ಟಿಯ ಏರ್ಪಾಡಾಯಿತು. 2022ರಲ್ಲಿ ಲೇಖನದ ಕಡ್ಡಾಯ ಹೋಯಿತು; 2025ರಲ್ಲಿ ಕೇರ್ ಪಟ್ಟಿಯೇ ಹೋಯಿತು. ಮುಚ್ಚುವುದು ತೆರೆಯುವುದು ಎರಡೂ ದೆಹಲಿಯಲ್ಲಿಯೇ ಆದುವಾಗಿ, ತರಗತಿಯಲ್ಲಿ ನಿಂತವನಿಗೆ ಸದ್ದು ಕೇಳಿಸಲಿಲ್ಲ.

ಕನ್ನಡದ ಗತಿ ಇನ್ನೂ ಬೇರೆ. ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ 1916ರದು, ಪ್ರಬುದ್ಧ ಕರ್ಣಾಟಕ 1919ರದು. ಅವುಗಳಲ್ಲಿ ಬಂದ ಒಂದೊಂದು ಲೇಖನವನ್ನು ಮೂರು ತಲೆಮಾರು ಎತ್ತಿಹೇಳಿದೆ. ಆದರೆ ಆ ಎತ್ತಿಹೇಳಿದ್ದೂ ಕನ್ನಡದಲ್ಲಿಯೇ. ಎಣಿಸುವ ಕಂಪನಿಗಳ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನವು. ಎಣಿಸುವವನ ಕಣ್ಣಿಗೆ ಬೀಳದ್ದು ಇಲ್ಲವೆಂದೇ ಲೆಕ್ಕ.

ನಲಿ-ಕಲಿಯ ಸಂಗತಿಯನ್ನೇ ನೋಡಿ. ಶ್ರೀನಿವಾಸಪುರದಿಂದ ಗೌನಿಪಲ್ಲಿ, ರಾಯಲ್ಪಾಡು ದಾಟಿ ಮದನಪಲ್ಲಿಯ ಕಡೆಗೆ ಹೋದರೆ ರಿಷಿ ವ್ಯಾಲಿ ದೂರವಿಲ್ಲ. ಅಲ್ಲಿನ ಹಳ್ಳಿಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುವ ಕ್ರಮವನ್ನು ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಹೋಗಿ ನೋಡಿಬಂದರು. 1995ರಲ್ಲಿ ಯುನಿಸೆಫ್ ನೆರವಿನಿಂದ ತಮ್ಮ ತಾಲ್ಲೂಕಿನಲ್ಲಿ ನಲಿ-ಕಲಿಯನ್ನು ಆರಂಭಿಸಿದರು. ಕಾರ್ಡುಗಳನ್ನು ರಚಿಸಿದವರು, ಹಾಡು ಕಟ್ಟಿದವರು, ತಪ್ಪಿದ್ದನ್ನು ತಿದ್ದಿದವರು ಪ್ರಾಥಮಿಕ ಶಾಲೆಯ ಮೇಷ್ಟರುಗಳೇ. 2009ರ ಸುಮಾರಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಈಗ ಅದನ್ನು ಕುರಿತು ಇಂಗ್ಲಿಷಿನಲ್ಲಿ ಲೇಖನಗಳಿವೆ. ಲೇಖನಗಳನ್ನು ಕುರಿತು ಲೇಖನಗಳಿವೆ. ನಾನು ಓದಿದವುಗಳ ಕೊನೆಯ ಪಟ್ಟಿಯಲ್ಲಿ ವಿದ್ವಾಂಸರ ಹೆಸರು ಕಂಡೆ, ಸಂಸ್ಥೆಗಳ ಹೆಸರು ಕಂಡೆ. ಕಾರ್ಡು ಬರೆದ ಮೇಷ್ಟರು "ಶಿಕ್ಷಕರು" ಎಂಬ ಬಹುವಚನದಲ್ಲಿ ಕರಗಿಹೋಗಿದ್ದರು.

ಇದನ್ನು ಹೇಳಲು ನನಗೆ ಹತ್ತಿರದ ಒಂದು ಕಾರಣವಿದೆ. ಶ್ರೀನಿವಾಸಪುರ ತಾಲ್ಲೂಕಿನಲ್ಲಿಯೂ ಮುಳಬಾಗಿಲಿನ ಗಡಿಯಲ್ಲಿಯೂ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರು, ನನಗಿಂತ ಹಿರಿಯರು, ಒಂದು ಆಟ ಮಾಡಿದ್ದರು. ಮನೆಯಲ್ಲಿ ಏನೆನ್ನುತ್ತೀಯೆ ಎಂದು ಕೇಳುವರು. ಮಗು ಪಾಲು ಎಂದರೆ ಹಲಗೆಯ ಮೇಲೆ ಅದರ ಪಕ್ಕದಲ್ಲಿ ಹಾಲು. ಪುಲಿಗೆ ಹುಲಿ, ಪಂದಿಗೆ ಹಂದಿ, ಪಾಡುವುದಕ್ಕೆ ಹಾಡುವುದು. ಹತ್ತು ಮಾತು ಆಗುವಷ್ಟರಲ್ಲಿ ಹನ್ನೊಂದನೆಯದನ್ನು ಮಕ್ಕಳೇ ಹೇಳುವರು. ಪಲ್ಲಿಗೂ ಹಳ್ಳಿಗೂ ಇರುವ ನಂಟು ಊರಿನ ಹೆಸರಿನಲ್ಲಿಯೇ ಬಿಚ್ಚಿಕೊಳ್ಳುವುದು. ಆ ಮಕ್ಕಳು ಪ್ರೌಢಶಾಲೆಗೆ ನನ್ನ ಬಳಿ ಬಂದಾಗ ನಾನು ಬೆರಗಾದೆ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವುಗಳ ಮುಂದೆ ಕನ್ನಡ ಮನೆಮಾತಿನ ಹುಡುಗರು ತಡವರಿಸುತ್ತಿರುವಾಗ ಇವರು ನಿರಾಯಾಸವಾಗಿ ಅರ್ಥ ಹೇಳಿಬಿಟ್ಟರು. ಪಕಾರ ಹಕಾರವಾದ ಕಥೆಯನ್ನು ನಾನು ಕೇಶಿರಾಜನ ವ್ಯಾಕರಣ ಓದುವ ಕಾಲದಲ್ಲಿ ಕಷ್ಟಪಟ್ಟು ಕಲಿತಿದ್ದೆ. ಇವರು ಅದನ್ನು ಒಂದನೆಯ ತರಗತಿಯಲ್ಲಿ ಆಟವಾಗಿ ಕಲಿತಿದ್ದರು.

ಒಮ್ಮೆ ಸಂಶೋಧಕರೊಬ್ಬರು ಪ್ರಶ್ನಾವಳಿ ಹಿಡಿದು ಆ ಶಾಲೆಗೆ ಹೋದರು. ಮಾವಿನ ಸುಗ್ಗಿ ಹತ್ತಿರವಾಗಿ ಅರ್ಧ ತರಗತಿ ತೋಪಿನಲ್ಲಿತ್ತು. ಪ್ರಶ್ನೆಗಳಿಗೆ ಹೌದು, ಇಲ್ಲ, ಹೇಳಲಾರೆ ಎಂಬ ಮೂರೇ ಮನೆ. "ನಿಮ್ಮ ಆಟವನ್ನು ಬರೆದಿರಾ?" ಎಂದು ನಾನು ಆಮೇಲೆ ಕೇಳಿದೆ. "ಬರೆಯಲು ಜಾಗವಿರಲಿಲ್ಲ ಸ್ವಾಮಿ" ಎಂದರು.

ಅವರು ನಿವೃತ್ತರಾದ ಮೇಲೆ ನಾನೇ ಅದನ್ನು ಲೇಖನವಾಗಿ ಬರೆದು ಒಂದು ಪತ್ರಿಕೆಗೆ ಕಳುಹಿಸಿದೆ. ಅದು ಹಿಂದಕ್ಕೆ ಬಂತು. ಪೂರ್ವ ಅಧ್ಯಯನಗಳ ಉಲ್ಲೇಖ ಸಾಲದು ಎಂದು ಷರಾ. ಸಂಪಾದಕರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ನನ್ನ ಗುರುಗಳ "ಎಲ್ಲಿದೆ"ಯೇ ಅದು. ಆದರೆ ಆ ಆಟ ಇದ್ದದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ಒಂದು ಕರಿಹಲಗೆಯ ಮೇಲೆ. ಅದನ್ನು ದಿನವೂ ಸಂಜೆ ಒರಸುತ್ತಿದ್ದರು.

ಕಳೆದ ಬೇಸಗೆಯಲ್ಲಿ ಲೇಖನವನ್ನು ತಿದ್ದಿ ಬರೆದೆ. ಮೊದಲನೆಯ ಅಡಿಟಿಪ್ಪಣಿಯಲ್ಲಿ ಆ ಮೇಷ್ಟರ ಹೆಸರು, ಊರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಪಾಠ ಹೇಳಿದರು ಎಂಬುದನ್ನು ಬರೆದು, ಆಧಾರ ಬಾಯಿಮಾತು ಎಂದು ಸೇರಿಸಿದೆ. ಬಾನುಲಿಯಲ್ಲಿ ತಮ್ಮ ಹೆಸರು ಹೇಳಕೂಡದೆಂದು ಅವರು ಕೇಳಿಕೊಂಡಿದ್ದಾರೆ, ಅಚ್ಚಿನಲ್ಲಿ ಇರಬಹುದಂತೆ. ಕಳುಹಿಸುವ ಮೊದಲು ಕೈಬರಹವನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ, ಲೇಖನವನ್ನು ಬಿಟ್ಟು ನೇರವಾಗಿ ಅಡಿಟಿಪ್ಪಣಿಯನ್ನೇ ಓದಿ, "ಊರ ಹೆಸರಿನಲ್ಲಿ ಲಕಾರದ ಒತ್ತು ಬಿಟ್ಟುಹೋಗಿದೆ, ತಿದ್ದಿಕೊಳ್ಳಿ" ಎಂದು ಹಿಂದಕ್ಕೆ ಕೊಟ್ಟರು.